ದುಬಾರಿ ಕೋಟನ್ನು ಕೊಳ್ಳುವ ಮುನ್ನ ಒಳಗು ತಿರುವಿ ನೋಡಿ

ಹೊಲಿಗೆ ಬಿಚ್ಚಿ ಸರಿಪಡಿಸುವುದು ನನ್ನ ಕೆಲಸ. ಈಚೆಗೆ ನನ್ನ ಮೇಜಿಗೆ ಒಂದು ಕೋಟು ಬಂತು. ಹೆಸರಾಂತ ಲೇಬಲ್ಲು, ನವಿರಾದ ಉಣ್ಣೆ ಬಟ್ಟೆ, ಎರಡೇ ಸಲ ಡ್ರೈ ಕ್ಲೀನಿಂಗ್‌ಗೆ ಹೋಗಿ ಬಂದಿತ್ತು. ಎದೆಯ ಮೇಲೆ, ಬಲ ಲ್ಯಾಪೆಲ್‌ನ (ಕಾಲರಿನ ಕೆಳಗೆ ಎದೆಯ ಮೇಲೆ ಮಡಚಿ ಬೀಳುವ ಭಾಗ) ಪಕ್ಕದಲ್ಲಿ, ನೀರು ಕುಡಿದ ಗೋಡೆಯ ಸುಣ್ಣ ಉಬ್ಬಿದ ಹಾಗೆ ಸಣ್ಣ ಸಣ್ಣ ಗುಳ್ಳೆಗಳು. ಇಸ್ತ್ರಿ ಇಟ್ಟರೆ ಕೂರುತ್ತವೆ, ಬಟ್ಟೆ ತಣ್ಣಗಾದ ಮೇಲೆ ಮತ್ತೆ ಏಳುತ್ತವೆ. ಒಳಗಿನ ಅಂಟು ಬಿಟ್ಟುಹೋಗಿತ್ತು. "ಇದು ಕೊಳ್ಳುವಾಗಲೇ ಗೊತ್ತಾಗುತ್ತಿರಲಿಲ್ಲವಾ?" ಎಂದು ಕೋಟಿನ ಒಡೆಯರು ಕೇಳಿದರು. ಗೊತ್ತಾಗುತ್ತಿತ್ತು. ಅರ್ಧ ನಿಮಿಷ ಸಾಕಿತ್ತು. ಅವರು ನೋಡಿದ್ದು ಮಾತ್ರ ಕನ್ನಡಿಯನ್ನು, ಲೇಬಲ್ಲನ್ನು, ಗುಂಡಿಯ ಮೇಲೆ ಕೆತ್ತಿದ ಹೆಸರನ್ನು.

ಇಂಥದ್ದನ್ನು ಪದೇ ಪದೇ ಕಂಡು ಮನಸ್ಸಿಗೆ ನೋವಾಗಿ ಇದನ್ನು ಬರೆಯುತ್ತಿದ್ದೇನೆ. ಜನ ಕೊಡುವುದು ಕಷ್ಟಪಟ್ಟು ದುಡಿದ ಹಣ.

ಮೊದಲು ಒಂದು ವಿಷಯ ತಿಳಿದಿರಲಿ. ಡಿಸೈನರ್ ಉಡುಪು ಎಂದರೆ ನುರಿತ ದರ್ಜಿಯೊಬ್ಬರು ಕೂತು ನಿಮ್ಮ ಮೈಗೆಂದೇ ಹೊಲಿದದ್ದು ಎಂದು ಹಲವರು ನಂಬಿದ್ದಾರೆ. ಗಿರಾಕಿಯ ಅಳತೆಗೆ ಹೊಲಿಯುವ ಓಟ್ ಕುಟ್ಯೂರ್ ಬೇರೆಯೇ. ಫ್ರಾನ್ಸಿನಲ್ಲಿ ಆ ಹೆಸರಿಗೆ 1945ರಿಂದ ಕಾನೂನಿನ ರಕ್ಷಣೆ ಇದೆ, ಬೇಕೆಂದವರೆಲ್ಲ ಹಾಕಿಕೊಳ್ಳುವಂತಿಲ್ಲ. ಅಂಗಡಿಯಲ್ಲಿ ಸೈಜಿನ ಪ್ರಕಾರ ನೇತುಹಾಕಿರುವುದು ಎಷ್ಟೇ ದುಬಾರಿಯಾದರೂ ಸಿದ್ಧ ಉಡುಪೇ. ಉಡುಪು ಕಾರ್ಖಾನೆಗಳಲ್ಲಿ ಅಂತಿಮ ತಪಾಸಣೆ ಸಾಮಾನ್ಯವಾಗಿ ಮಾದರಿ ತೆಗೆದು ನಡೆಯುತ್ತದೆ. ಐಎಸ್‌ಒ 2859-1 ಮಾನದಂಡದ ಕೋಷ್ಟಕ ಹೀಗಿದೆ: 1,201ರಿಂದ 3,200 ಉಡುಪುಗಳ ಲಾಟಿನಲ್ಲಿ, ಸಾಮಾನ್ಯ ಹಂತದ ತಪಾಸಣೆಯಾದರೆ, 125 ತೆಗೆದು ನೋಡಬೇಕು. ದೊಡ್ಡ ದೋಷಗಳಿಗೆ ಹೆಚ್ಚು ಬಳಕೆಯಲ್ಲಿರುವ 2.5 ಎಂಬ ಸ್ವೀಕಾರ ಮಿತಿ (ಎಕ್ಯೂಎಲ್) ಹಿಡಿದರೆ, ದೋಷವಿರುವ 7 ಸಿಕ್ಕರೂ ಲಾಟು ಪಾಸು, 8 ಸಿಕ್ಕರೆ ವಾಪಸು. ಇದಕ್ಕಿಂತ ಬಿಗಿ ಮಿತಿ ಇಟ್ಟುಕೊಂಡವರೂ ಇದ್ದಾರೆ. ಆದರೂ ಯಾರೂ ಬಿಡಿಸಿ ನೋಡದ ಉಡುಪು ನಿಮ್ಮ ಕೈಗೆ ಬರುವುದು ತೀರಾ ಸಾಧ್ಯ.

ಹೆಜ್ಜೆ 1: ನೇತುಹಾಕಿ, ದೂರ ನಿಲ್ಲಿ

ಉಡುಪನ್ನು ಕಿಟಕಿಯ ಬೆಳಕಿಗೆ ತಂದು ಹ್ಯಾಂಗರಿಗೆ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಪಕ್ಕದ ಹೊಲಿಗೆ ನೆಟ್ಟಗೆ ಇಳಿಯಬೇಕು. ಪ್ಯಾಂಟಿನ ಪಕ್ಕದ ಹೊಲಿಗೆ ಮೊಣಕಾಲಿನ ಹತ್ತಿರ ಮುಂದಕ್ಕೆ ತಿರುಗಿದ್ದರೆ, ಬಟ್ಟೆಯ ಹಾಸು ನೇರ ಹಿಡಿಯದೆ ಕತ್ತರಿಸಿದ್ದಾರೆ ಎಂದೇ ಅನುಮಾನಿಸಿ. ಅದು ಒಗೆದಷ್ಟೂ ತಿರುಚಿಕೊಳ್ಳುತ್ತದೆ. ಯಾವ ದರ್ಜಿಯೂ ಅದನ್ನು ಸರಿಮಾಡಲಾರ, ಹಿಂದಿರುಗಿಸಿ.

ಹೆಜ್ಜೆ 2: ಒಳಮಗ್ಗುಲು ಹೊರಗೆ ಮಾಡಿ

ಅಂಗಡಿಯವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಒಳ್ಳೆಯ ಉಡುಪು ಮಾರುವವರು ತಾವೇ ತಿರುವಿ ತೋರಿಸುತ್ತಾರೆ.

ಹೊಲಿಗೆಯ ಆಚೆ ಬಿಟ್ಟಿರುವ ಮಾರ್ಜಿನ್ ಎಷ್ಟಿದೆ ನೋಡಿ. ಪ್ಯಾಂಟಿನ ಹಿಂಬದಿಯ ನಡು ಹೊಲಿಗೆಯಲ್ಲಿ, ಸೊಂಟದ ಹತ್ತಿರ, ಒಂದೂವರೆ ಇಂಚಾದರೂ ಇರಬೇಕು. ಮುಂದೆ ಮೈ ಬಂದರೆ ಬಿಚ್ಚಿ ಅಗಲ ಮಾಡಲು ಆಗುವುದು ಅದರಿಂದಲೇ. ಕಾಲಿಂಚು ಬಿಟ್ಟು ಓವರ್‌ಲಾಕ್ (ಎಳೆ ಬಿಡದಂತೆ ಅಂಚಿಗೆ ದಾರ ಸುತ್ತುವ ಯಂತ್ರದ ಹೊಲಿಗೆ) ಹೊಡೆದಿದ್ದರೆ ಬಟ್ಟೆ ಉಳಿಸಿದ್ದಾರೆ ಎಂದರ್ಥ. ಲೈನಿಂಗ್ ಇಲ್ಲದ ಕೋಟಿನಲ್ಲಿ ಒಳ ಅಂಚುಗಳೆಲ್ಲ ಕಾಣುತ್ತವೆ. ಅಲ್ಲಿ ಬರಿಯ ಓವರ್‌ಲಾಕ್ ನನಗೆ ಒಪ್ಪಿಗೆಯಿಲ್ಲ, ಪ್ರತಿ ಅಂಚಿಗೂ ಪೈಪಿಂಗ್ ಪಟ್ಟಿ ಸುತ್ತಿರಬೇಕು. ಷಿಫಾನಿನಂಥ ತೆಳು ರೇಷ್ಮೆಗೆ ಫ್ರೆಂಚ್ ಹೊಲಿಗೆಯೇ ಸರಿ: ಕತ್ತರಿಸಿದ ಅಂಚು ಮಡಿಕೆಯೊಳಗೆ ಮುಚ್ಚಿಹೋಗಿ, ಒಂದು ಎಳೆಯೂ ಹೊರಗೆ ಕಾಣುವುದಿಲ್ಲ.

ಲೈನಿಂಗಿನ ಬೆನ್ನಿನ ನಡುವೆ ಉದ್ದಕ್ಕೆ ಒಂದು ಮಡಿಕೆ ಇರಬೇಕು. ಕೈ ಮುಂದೆ ಚಾಚಿದಾಗ ಉಣ್ಣೆ ಹಿಗ್ಗುತ್ತದೆ, ಲೈನಿಂಗ್ ಹಿಗ್ಗುವುದಿಲ್ಲ. ಮಡಿಕೆ ಇಲ್ಲದಿದ್ದರೆ ಕಂಕುಳ ಹತ್ತಿರ ಹರಿಯುತ್ತದೆ. ನನ್ನಲ್ಲಿಗೆ ಬರುವ ಹರಿದ ಲೈನಿಂಗ್‌ಗಳಲ್ಲಿ ಹೆಚ್ಚಿನವು ಇದೇ ಕಾರಣಕ್ಕೆ ಹರಿದವು. ಲೈನಿಂಗ್ ಪಾಲಿಯೆಸ್ಟರ್ ಆಗಿದ್ದರೆ ಬೆವರು ಹಿಡಿದಿಡುತ್ತದೆ. ಹತ್ತಿಬೀಜಕ್ಕೆ ಅಂಟಿಕೊಂಡ ಗಿಡ್ಡ ನಾರಿನಿಂದ ತಯಾರಾಗುವ ಕ್ಯುಪ್ರೊ, ಅಂದರೆ ಬೆಂಬರ್ಗ್ ಹೆಸರಿನಲ್ಲಿ ಬರುವ ಬಟ್ಟೆ, ಮೈಗೆ ತಂಪು. ಲೇಬಲ್ಲಿನಲ್ಲಿ ಲೈನಿಂಗಿನ ವಿವರ ಬೇರೆ ಸಾಲಿನಲ್ಲಿ ಇರುತ್ತದೆ, ಅದನ್ನೂ ಓದಿ.

ಹೆಜ್ಜೆ 3: ಎರಡು ಪದರದ ನಡುವೆ ಏನಿದೆ?

ಜನ ಎಡವುವುದೆಲ್ಲ ಇಲ್ಲಿಯೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಕೋಟಿನ ಮುಂಭಾಗಕ್ಕೆ ಆಕಾರ ಕೊಡುವುದು ಹೊರಬಟ್ಟೆ ಅಲ್ಲ, ಅದರ ಹಿಂದೆ ಅಡಗಿರುವ ಇನ್ನೊಂದು ಬಟ್ಟೆ. ಹಳೆಯ ಕ್ರಮದಲ್ಲಿ ಅದು ಕ್ಯಾನ್ವಾಸ್. ಹಾಸಿನಲ್ಲಿ ಹತ್ತಿ ಅಥವಾ ಉಣ್ಣೆಯ ನೂಲು, ಎದೆಯ ಭಾಗದ ಹೊಕ್ಕಿನಲ್ಲಿ ಕುದುರೆಯ ಬಾಲದ ಕೂದಲು. ಬಗ್ಗಿಸಿ ಬಿಟ್ಟರೆ ಸ್ಪ್ರಿಂಗಿನ ಹಾಗೆ ತನ್ನ ಜಾಗಕ್ಕೆ ಬರುತ್ತದೆ. ಇದನ್ನು ಸಡಿಲ ಹೊಲಿಗೆಯಿಂದ ಹೊರಬಟ್ಟೆಗೆ ಹಿಡಿಸುತ್ತಾರೆ, ಆದ್ದರಿಂದ ಎರಡೂ ಮೈಯ ಜೊತೆ ಬೇರೆ ಬೇರೆಯಾಗಿ ಸರಿದಾಡುತ್ತವೆ. ಅಗ್ಗದ ದಾರಿ ಎಂದರೆ ಫ್ಯೂಸಿಂಗ್, ದರ್ಜಿಗಳ ಮಾತಿನಲ್ಲಿ ಪೇಸ್ಟಿಂಗ್: ಅಂಟು ಲೇಪಿಸಿದ ಬಟ್ಟೆಯನ್ನು ಬಿಸಿ ಒತ್ತುಯಂತ್ರದಲ್ಲಿ ಹೊರಬಟ್ಟೆಗೆ ಅಂಟಿಸಿಬಿಡುವುದು. ಹಬೆ, ಡ್ರೈ ಕ್ಲೀನಿಂಗ್ ದ್ರಾವಕ, ಬೆವರು ಎಲ್ಲ ಸೇರಿ ಅಂಟನ್ನು ಸಡಿಲಿಸುತ್ತವೆ. ಎರಡು ಬಟ್ಟೆಗಳು ಕುಗ್ಗುವ ಪ್ರಮಾಣವೂ ಬೇರೆ ಬೇರೆ. ಆಗ ಏಳುವವೇ ಆ ಗುಳ್ಳೆಗಳು.

ಪರೀಕ್ಷೆ ಹೀಗೆ. ಗುಂಡಿ ಬಿಚ್ಚಿ. ಎಲ್ಲಕ್ಕಿಂತ ಕೆಳಗಿನ ಕಾಜಾದಿಂದ ಎರಡು ಬೆರಳು ಕೆಳಗೆ, ಕೋಟಿನ ಅಂಚಿನಿಂದ ಎರಡು ಬೆರಳು ಒಳಗೆ ಜಾಗ ಗುರುತಿಸಿಕೊಳ್ಳಿ. ಬಲಗೈ ಹೆಬ್ಬೆರಳು, ತೋರುಬೆರಳಿನಿಂದ ಹೊರಬಟ್ಟೆಯನ್ನು ಮಾತ್ರ ಚಿವುಟಿ. ಎಡಗೈಯಿಂದ ಒಳಮಗ್ಗುಲ ಫೇಸಿಂಗನ್ನು, ಅಂದರೆ ಅದೇ ಬಟ್ಟೆಯ ಒಳಪಟ್ಟಿಯನ್ನು ಚಿವುಟಿ. ಎರಡನ್ನೂ ಮೆಲ್ಲಗೆ ಎದುರುಬದುರು ಎಳೆಯಿರಿ. ಈಗ ನಡುವಿನ ಜಾಗವನ್ನು ಬೆರಳಲ್ಲಿ ಹೊಸಕಿ. ಮೂರನೆಯ ಪದರವೊಂದು ಯಾವುದಕ್ಕೂ ಅಂಟದೆ ತನ್ನಷ್ಟಕ್ಕೆ ಜಾರಾಡಿದರೆ ಅದು ಪೂರ್ತಿ ಕ್ಯಾನ್ವಾಸಿನ ಕೋಟು. ಎರಡೇ ಪದರ ಸಿಕ್ಕು, ಹೊರಬಟ್ಟೆ ರಟ್ಟಿನಂತೆ ಬಿರುಸಾಗಿದ್ದರೆ ಅಲ್ಲಿ ಪೇಸ್ಟಿಂಗ್ ಇದೆ.

ಅಲ್ಲಿಗೇ ನಿಲ್ಲಿಸಬೇಡಿ, ಇದೇ ಪರೀಕ್ಷೆಯನ್ನು ಎದೆಯ ಬಳಿಯೂ ಮಾಡಿ. ಮೇಲೆ ಮೂರು ಪದರ, ಕೆಳಗೆ ಎರಡೇ ಆದರೆ ಅದು ಅರ್ಧ ಕ್ಯಾನ್ವಾಸ್ ಇರಬಹುದು. ನನ್ನ ಲೆಕ್ಕದಲ್ಲಿ ಅದು ಒಪ್ಪಬಹುದಾದ ಕೆಲಸ. ಆದರೆ ಪೂರ್ತಿ ಪೇಸ್ಟಿಂಗ್ ಮಾಡಿದ ಕೋಟಿನ ಎದೆಗೂ ಒಂದು ದಪ್ಪ ಫೆಲ್ಟಿನ (ನೇಯದೆ ನಾರನ್ನು ಒತ್ತಿ ಮಾಡಿದ ಬಟ್ಟೆ) ತುಂಡು ಇಟ್ಟಿರುತ್ತಾರೆ. ಎದೆಯನ್ನಷ್ಟೇ ಮುಟ್ಟಿದವರು ಅದನ್ನೇ ಕ್ಯಾನ್ವಾಸ್ ಎಂದು ನಂಬಿ ಮೋಸಹೋಗುತ್ತಾರೆ. ಈ ಗೊಂದಲ ಬಿಡಿಸುವುದು ಲ್ಯಾಪೆಲ್. ಅದನ್ನು ಅಂಗೈಯಿಂದ ಎದೆಗೆ ಒತ್ತಿ ಹಿಡಿದು ಬಿಡಿ. ಕ್ಯಾನ್ವಾಸ್ ಇದ್ದರೆ ಮೆಲ್ಲಗೆ ಎದ್ದು, ಗುಂಡಿಯ ಹತ್ತಿರ ದುಂಡಗೆ ಬಳುಕಿ ನಿಲ್ಲುತ್ತದೆ. ಪೇಸ್ಟಿಂಗ್ ಆದರೆ ಗೀರಿ ಮಡಿಸಿದ ಕಾಗದದ ಹಾಗೆ ಚಪ್ಪಟೆ ಬಿದ್ದಿರುತ್ತದೆ. ಲ್ಯಾಪೆಲ್ ತಿರುವಿ ಹಿಂಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಸೂಜಿ ಮೊನೆ ತಾಗಿದಂಥ ಸಣ್ಣ ಗುಳಿಗಳು ಸಾಲಾಗಿ ಕಾಣಬಹುದು. ಅವು ಕ್ಯಾನ್ವಾಸನ್ನು ಹಿಡಿಸಿದ ಹೊಲಿಗೆಯ ಗುರುತು. ಯಂತ್ರದಲ್ಲೂ ಅದನ್ನು ಮಾಡುತ್ತಾರೆ, ಹಾಗಾಗಿ ಕೈಹೊಲಿಗೆ ಎಂಬುದಕ್ಕೆ ಅದು ಪುರಾವೆಯಲ್ಲ.

ಸಾಮಾನ್ಯ ತಪ್ಪುಗಳು ಎರಡು. ಜೇಬಿನ ಮೇಲೆ ಚಿವುಟುವುದು, ಅಲ್ಲಿ ಸಿಗುವ ಮೂರನೆಯ ಪದರ ಜೇಬಿನ ಚೀಲ. ಫೇಸಿಂಗ್ ಬಿಟ್ಟು ಲೈನಿಂಗ್ ಚಿವುಟುವುದು, ಅದು ಯಾವ ಕೋಟಿನಲ್ಲೂ ಜಾರಾಡುತ್ತದೆ.

ಈ ಪರೀಕ್ಷೆ ಎಲ್ಲದಕ್ಕೂ ಹೊಂದುವುದಿಲ್ಲ ಎಂಬುದೂ ನೆನಪಿರಲಿ. ಒಳಗೆ ಏನೂ ಇಲ್ಲದ ಸಡಿಲ ಬೇಸಿಗೆ ಕೋಟನ್ನು ಅಂಚು, ಹೊಲಿಗೆಗಳಿಂದಲೇ ಅಳೆಯಬೇಕು. ಫ್ರಾನ್ಸಿನ ಫ್ಯಾಷನ್ ಕಂಪನಿ ಶನೆಲ್‌ನ ಹೆಸರುವಾಸಿ ಟ್ವೀಡ್ ಜಾಕೆಟ್ಟಿನಲ್ಲಿ ಲೈನಿಂಗನ್ನೇ ಸಾಲು ಹೊಲಿಗೆ ಹಾಕಿ ಹೊರಬಟ್ಟೆಗೆ ಜೋಡಿಸಿರುತ್ತಾರೆ, ಅಂಚು ನೇರ ಇಳಿಯಲೆಂದು ಕೆಳಗೆ ಒಳಮಗ್ಗುಲಲ್ಲಿ ಸಣ್ಣ ಸರಪಳಿ ಹೊಲಿದಿರುತ್ತಾರೆ. ಅದು ಬೇರೆಯೇ ಒಂದು ಕಟ್ಟುವ ಕ್ರಮ. ಅಂಗಿಯ ಕಾಲರಿಗೆ ಪೇಸ್ಟಿಂಗ್ ಇದ್ದರೂ ದೋಷವಲ್ಲ. ಆದರೆ ಉಣ್ಣೆಯ ಔಪಚಾರಿಕ ಕೋಟಿಗೆ ದುಬಾರಿ ಬೆಲೆ ಹೇಳಿ ಒಳಗೆ ಪೂರ್ತಿ ಅಂಟು ಹಾಕಿದ್ದರೆ, ಹೆಸರು ಯಾರದೇ ಇರಲಿ, ಕೊಳ್ಳಬೇಡಿ.

ಹೆಜ್ಜೆ 4: ಗೆರೆ, ಚೌಕಳಿ ಕೂಡಿವೆಯೇ

ಚೌಕಳಿ ಬಟ್ಟೆಯಾದರೆ ಮೊದಲು ಎದೆಯ ಜೇಬನ್ನು ನೋಡಿ. ಜೇಬಿನ ಬಾಯಿಯ ಪಟ್ಟಿ ಇದ್ದೂ ಇಲ್ಲದಂತೆ ಗೆರೆಗಳು ಅದರ ಮೇಲಿಂದ ಹರಿದುಹೋಗಬೇಕು. ಆಮೇಲೆ ಕೆಳಜೇಬಿನ ಫ್ಲ್ಯಾಪ್, ಬೆನ್ನಿನ ನಡು ಹೊಲಿಗೆ, ಕಾಲರು ಬೆನ್ನಿಗೆ ಕೂಡುವ ಜಾಗ. ಕೊನೆಗೆ ತೋಳು: ಕೈ ಇಳಿಬಿಟ್ಟಾಗ ತೋಳಿನ ಅಡ್ಡಗೆರೆ ಎದೆಯ ಅಡ್ಡಗೆರೆಗೆ ನೇರ ಬರಬೇಕು. ಇದು ಕಷ್ಟದ ಕೆಲಸ, ಬಟ್ಟೆಯೂ ಹೆಚ್ಚು ಬೇಡುತ್ತದೆ. ಉಳಿತಾಯ ಮಾಡುವವರು ಮೊದಲು ಕೈಬಿಡುವುದು ಇದನ್ನೇ. ಡಾರ್ಟ್ (ಮೈಗೆ ಕೂರಲೆಂದು ಚೂಪಾಗಿ ಹೊಲಿದ ಮಡಿಕೆ) ಹಿಡಿದ ಕಡೆ, ಕಂಕುಳ ಹಿಂಭಾಗದಲ್ಲಿ ಎಲ್ಲ ಗೆರೆಯೂ ಕೂಡಲು ಸಾಧ್ಯವಿಲ್ಲ, ಅದನ್ನು ದೋಷವೆಂದು ಎಣಿಸಬೇಡಿ.

ಹೆಜ್ಜೆ 5: ಹೊಲಿಗೆ ಎಣಿಸಿ, ಎಳೆದು ನೋಡಿ

ಒಂದು ಸೆಂಟಿಮೀಟರಿನಲ್ಲಿ ಎಷ್ಟು ಹೊಲಿಗೆ ಎಂದು ಎಣಿಸಿ. ಉತ್ತಮ ಅಂಗಿಯಲ್ಲಿ 7–8 ಸಿಗುತ್ತವೆ. ಸಾಧಾರಣ ಅಂಗಿಯಲ್ಲಿ ನಾಲ್ಕೈದು. ಹಾಗೆಂದು ಹೊಲಿಗೆ ದಟ್ಟವಾದಷ್ಟೂ ಒಳ್ಳೆಯದು ಎಂದು ತಿಳಿಯಬೇಡಿ. ನವಿರು ರೇಷ್ಮೆಯಲ್ಲಿ ಸೂಜಿ ತೂತು ಹತ್ತಿರ ಹತ್ತಿರ ಬಿದ್ದರೆ, ಅಂಚೆ ಚೀಟಿಯ ಹಾಗೆ ಬಟ್ಟೆ ಅದೇ ಸಾಲಿನಲ್ಲಿ ಹರಿಯುತ್ತದೆ.

ಹೊಲಿಗೆಯ ಎರಡೂ ಬದಿ ಹಿಡಿದು, ಜೋರು ಮಾಡದೆ ಅಡ್ಡಕ್ಕೆ ಎಳೆಯಿರಿ. ನಡುವೆ ದಾರಗಳು ಏಣಿಯ ಮೆಟ್ಟಿಲ ಹಾಗೆ ಕಂಡರೆ ಹೊಲಿಗೆ ಸಡಿಲ. ದಾರ ಗಟ್ಟಿಯಿದ್ದು ಬಟ್ಟೆಯ ಎಳೆಗಳೇ ಸರಿದು ಜಾಳಾದರೆ ಇನ್ನೂ ಕೆಟ್ಟದ್ದು. ರೇಷ್ಮೆ, ಸ್ಯಾಟಿನ್ ಬಿಗಿ ಉಡುಪುಗಳಲ್ಲಿ ಕೂತೇಳುವಾಗ ಮೊದಲು ಬಿಡುವುದು ಅಲ್ಲೇ. ಹೊಲಿಗೆಯ ಉದ್ದಕ್ಕೂ ಸಣ್ಣ ಸುಕ್ಕು ಇದ್ದರೆ "ಇಸ್ತ್ರಿ ಮಾಡಿದರೆ ಹೋಗುತ್ತದೆ" ಎನ್ನುತ್ತಾರೆ. ಹೋಗುವುದಿಲ್ಲ.

ಹೆಜ್ಜೆ 6: ಗುಂಡಿ, ಕಾಜಾ, ಜಿಪ್

ಮುತ್ತಿನ ಚಿಪ್ಪಿನ ಗುಂಡಿ ಕೆನ್ನೆಗೆ ತಣ್ಣಗೆ ತಾಗುತ್ತದೆ, ಪ್ಲಾಸ್ಟಿಕ್ ಹಾಗೆ ತಾಗುವುದಿಲ್ಲ. ಕೋಟಿನ ಗುಂಡಿಯ ಬುಡಕ್ಕೆ ದಾರ ಸುತ್ತಿ ಸಣ್ಣ ಕಾಂಡ ಮಾಡಿರಬೇಕು. ಕಾಜಾದ ಒಳಗೆ ಬಟ್ಟೆಯ ಎಳೆ ಚಾಚಿಕೊಂಡಿರಬಾರದು. ಜಿಪ್ಪನ್ನು ಐದಾರು ಸಲ ಎಳೆದು ನೋಡಿ, ಅದರ ಪಕ್ಕದ ಬಟ್ಟೆ ಅಲೆ ಅಲೆಯಾಗಿ ಎದ್ದಿದ್ದರೆ ಬೇಡ. ಜಿಪ್ ಮೇಲೆ ವೈಕೆಕೆ ಎಂದಿದ್ದ ಮಾತ್ರಕ್ಕೆ ಉಡುಪು ಉತ್ತಮವೆನ್ನುವವರಿದ್ದಾರೆ. 1934ರಲ್ಲಿ ಟೋಕಿಯೊದಲ್ಲಿ ಶುರುವಾದ ಆ ಕಂಪನಿಯ ಜಿಪ್ ಚೆನ್ನಾಗಿರುವುದು ನಿಜ. ಆದರೆ ಅಗ್ಗದ ಪ್ಯಾಂಟಿನಲ್ಲೂ ಅದು ಇರುತ್ತದೆ.

ತೋಳಿನ ತುದಿಯ ಗುಂಡಿಗಳು ನಿಜವಾಗಿ ಬಿಚ್ಚಿಕೊಳ್ಳುವುದನ್ನೂ ದೊಡ್ಡದಾಗಿ ಹೇಳಿ ಮಾರುತ್ತಾರೆ. ನನಗೆ ಅದು ಬೇಡ. ಕಾಜಾ ಕತ್ತರಿಸಿದ ಮೇಲೆ ತೋಳನ್ನು ತುದಿಯಿಂದ ಗಿಡ್ಡ ಮಾಡಲಾಗುವುದಿಲ್ಲ, ಭುಜದ ಕಡೆಯಿಂದ ಬಿಚ್ಚಬೇಕಾಗುತ್ತದೆ.

ಬಟ್ಟೆಯ ನಂಬರಿನ ಬಗ್ಗೆ

ಲೇಬಲ್ಲಿನಲ್ಲಿ ಸೂಪರ್ 100, ಸೂಪರ್ 150 ಎಂದು ಇರುವುದು ಉಣ್ಣೆಯ ಎಳೆಯ ದಪ್ಪದ ಲೆಕ್ಕ. ಸೂಪರ್ 100 ಎಂದರೆ ಎಳೆ ಸರಾಸರಿ 18.75 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಮೀರಬಾರದು, ಸೂಪರ್ 150 ಎಂದರೆ 16.25. ನಂಬರು ಏರಿದಂತೆ ಎಳೆ ಸಣ್ಣದಾಗುತ್ತದೆ, ಬಾಳಿಕೆ ಹೆಚ್ಚುವುದಿಲ್ಲ. ದಿನವೂ ತೊಡುವ ಕೋಟಿಗೆ 120 ದಾಟಬೇಡಿ. 150ರ ಪ್ಯಾಂಟು ತೊಡೆಯ ಒಳಬದಿಯಲ್ಲಿ ಬೇಗ ಸವೆದು ಬಂದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಮುಟ್ಟಿದ ಕೂಡಲೇ ಸಿಗುವ ನುಣುಪನ್ನೂ ಪೂರ್ತಿ ನಂಬಬೇಡಿ, ಫಿನಿಶಿಂಗ್ ರಾಸಾಯನಿಕದಿಂದ ಬಂದ ನುಣುಪು ಒಗೆತದಲ್ಲಿ ಹೋಗುತ್ತದೆ.

ಹೆಜ್ಜೆ 7: ತೊಟ್ಟು ಕೈ ಎತ್ತಿ

ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಎಲ್ಲ ಕೋಟೂ ಚೆಂದವೇ. ಮೇಲಿನ ಶೆಲ್ಫಿನಿಂದ ಪುಸ್ತಕ ತೆಗೆಯುವ ಹಾಗೆ ಕೈ ಎತ್ತಿ. ಕಂಕುಳ ಸುತ್ತಿನ ಕಟ್ ಮೈಗೆ ಹತ್ತಿರ, ಮೇಲೆ ಇದ್ದರೆ ತೋಳು ಮಾತ್ರ ಏಳುತ್ತದೆ. ಕೆಳಗೆ ಇಳಿದಿದ್ದರೆ ಕೋಟು ಪೂರ್ತಿ ಮೇಲೇರಿ ಕಾಲರು ಕತ್ತಿನಿಂದ ದೂರ ಸರಿಯುತ್ತದೆ. ಒಂದೇ ಸೈಜು ಹಲವರಿಗೆ ಸಾಲಲೆಂದು ಅದನ್ನು ಕೆಳಗೆ ಇಳಿಸುವ ರೂಢಿ ಇದೆ, ದರ್ಜಿಯಿಂದ ಅದನ್ನು ಮೇಲೇರಿಸಲು ಆಗುವುದಿಲ್ಲ.

ಮನೆಗೆ ತಂದ ಮೇಲೆ ಕೆಲಸ ಎರಡೇ. ಗಾಢ ಬಣ್ಣದ ಉಡುಪಾದರೆ, ಒದ್ದೆ ಮಾಡಿ ಹಿಂಡಿದ ಬಿಳಿ ಕರವಸ್ತ್ರದಿಂದ ಒಳಗಿನ ಮಾರ್ಜಿನ್ನನ್ನು ಹತ್ತು ಸಲ ಉಜ್ಜಿ. ಬಣ್ಣ ಬಿಟ್ಟರೆ ಬಿಲ್ಲು, ಟ್ಯಾಗು ತೆಗೆಯದೆ ಹಾಗೇ ಅಂಗಡಿಗೆ ಒಯ್ಯಿರಿ. ಎಲ್ಲ ಸರಿಯಿದ್ದರೆ, ಬೆನ್ನಿನ ವೆಂಟ್ (ಕೆಳಗಿನ ಸೀಳು) ಮೇಲೆ ಗುಣಾಕಾರ ಚಿಹ್ನೆಯಂತೆ ಹಾಕಿರುವ ದಾರ, ತೋಳಿನ ತುದಿಗೆ ಹೊಲಿದ ಲೇಬಲ್ಲು, ಜೇಬಿನ ಬಾಯಿ ಮುಚ್ಚಿದ ಹೊಲಿಗೆ ಇವನ್ನು ತೆಗೆಯಿರಿ. ಸಾಗಾಟದಲ್ಲಿ ಆಕಾರ ಕೆಡದಿರಲೆಂದು ಹಾಕಿದ ದಾರ ಅದು. ವಿನ್ಯಾಸವೆಂದುಕೊಂಡು ವರ್ಷಗಟ್ಟಲೆ ಹಾಗೇ ತೊಟ್ಟವರಿದ್ದಾರೆ. ಕೈಯಿಂದ ಕಿತ್ತು ಎಳೆಯಬೇಡಿ, ಸಣ್ಣ ಕತ್ತರಿಯ ಮೊನೆಯನ್ನು ದಾರದಡಿ ತೂರಿಸಿ, ಮೊನೆ ಬಟ್ಟೆಗೆ ತಾಗದಂತೆ ಮೇಲಕ್ಕೆತ್ತಿ ಕತ್ತರಿಸಿ.