ಬಂದೂಕಿನ ಟಾರ್ಚ್: ಮಸಿ, ಸೆಲ್, ಸ್ಕ್ರೂ

ಬಂದೂಕಿಗೆ ಕೂರಿಸಿದ ಟಾರ್ಚ್ ಮಂಕಾದರೆ ಎಲ್ಲರೂ ಮೊದಲು ಅನುಮಾನಿಸುವುದು ಎಲ್‌ಇಡಿಯನ್ನು. ಅದು ಸುಟ್ಟುಹೋಗುವುದು ಅಪರೂಪ. ಗಾಜಿನ ಮಸಿ, ಸೆಲ್ ತುದಿಯ ಕೊಳೆ, ಸಡಿಲಾದ ಸ್ಕ್ರೂ, ಈ ಮೂರನ್ನು ನೋಡಿದ ಮೇಲೆ ಎಲ್‌ಇಡಿಯ ಮಾತು.

ಮೊದಲು ಗುಂಡು ತುಂಬಿಡುವ ಮ್ಯಾಗಜಿನ್ ತೆಗೆಯಿರಿ, ಆಮೇಲೆ ಹಾರಲಿರುವ ಗುಂಡು ಕೂರುವ ಚೇಂಬರ್ ತೆರೆದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ಕ್ರಮ ತಿರುವುಮುರುವಾದರೆ, ಖಾಲಿ ಮಾಡಿದ ಚೇಂಬರಿಗೆ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡು ಬಂದು ಕೂರುತ್ತದೆ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಪಿಸ್ತೂಲಿನಲ್ಲಿ ಟಾರ್ಚಿನ ಗಾಜು ನಳಿಕೆಯ ಬಾಯಿಗೆ ಹತ್ತಿರವೇ ಇರುವುದರಿಂದ, ಬಿಚ್ಚದೆ ಒರೆಸಹೊರಟರೆ ಬೆರಳು ಬಾಯಿಯ ಮುಂದೆ ಹೋಗುತ್ತದೆ. ಬಿಚ್ಚಿಯೇ ಒರೆಸಿ.

ಹೆಚ್ಚು ಕೆಲಸ ಇರುವುದು ಗಾಜಿನದು. ಗುಂಡಿನ ಹಿಂದೆ ನುಗ್ಗುವ ಬಿಸಿ ಅನಿಲ ಮಸಿಯನ್ನು ಅದರ ಮೇಲೆ ಸುಟ್ಟು ಕೂರಿಸುತ್ತದೆ. ಎಷ್ಟು ದಿನ ಬಿಟ್ಟರೆ ಅಷ್ಟು ಗಟ್ಟಿ. ಮೊದಲು ಊದಿ ಮರಳು, ಧೂಳು ಹಾರಿಸಿ, ಇಲ್ಲದಿದ್ದರೆ ಉಜ್ಜುವಾಗ ಅದೇ ಗೀರುತ್ತದೆ. 90 ಶೇಕಡಾಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಮಸಿಯ ಮೇಲೆ ಒಂದೆರಡು ನಿಮಿಷ ಒತ್ತಿಹಿಡಿದು, ನಿಧಾನವಾಗಿ ಸುತ್ತಿಸಿ ಒರೆಸಿ. ಕಡ್ಡಿ ಕಪ್ಪಾದ ಕೂಡಲೇ ಬದಲಿಸಿ. ಇನ್ನೂ ಉಳಿದರೆ ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರ್ ಸಾಕು. ಬ್ಲೇಡ್, ಉಕ್ಕಿನ ನಾರು ಬೇಡ, ಗಾಜಿನ ಮೇಲಿನ ಲೇಪ ಎದ್ದುಬರುತ್ತದೆ. ಕೆಲವು ಟಾರ್ಚುಗಳಲ್ಲಿ ಗಾಜಿನ ಬದಲು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಇರುತ್ತದೆ. ಅಸಿಟೋನ್, ಬ್ರೇಕ್ ಕ್ಲೀನರ್ ಸೋಕಿದರೆ ಅದು ಬಿಳಚಿ ಬಿರುಕು ಬಿಡುತ್ತದೆ. ಯಾವುದೆಂದು ತಿಳಿಯದಿದ್ದರೆ ಪ್ಲಾಸ್ಟಿಕ್ ಎಂದೇ ಭಾವಿಸಿ, ಸೋಪು ನೀರಿನಿಂದ ಶುರು ಮಾಡಿ.

ಉಜ್ಜುವ ಕಷ್ಟ ತಪ್ಪಿಸುವ ದಾರಿಯೂ ಇದೆ. ಅಭ್ಯಾಸಕ್ಕೆ ಹೋಗುವ ಮುಂಚೆ ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸ್ ಅಥವಾ ತುಟಿಗೆ ಹಚ್ಚುವ ಬಾಮ್ ತೆಳ್ಳಗೆ ಸವರಿ. ಮಸಿ ಗ್ರೀಸಿನ ಮೇಲೆ ಕೂರುತ್ತದೆ, ಮುಗಿದ ಮೇಲೆ ಬಟ್ಟೆಯ ಒಂದೇ ಎಳೆತಕ್ಕೆ ಹೋಗುತ್ತದೆ. ಬೆಳಕು ಸ್ವಲ್ಪ ಚದುರುವುದರಿಂದ ನಿಜವಾದ ಬಳಕೆಗೆ ಮುಂಚೆ ಪೂರ್ತಿ ಒರೆಸಬೇಕು.

ಗುಂಡು ಹಾರಿದಾಗ ಮಾತ್ರ ಬೆಳಕು ಮಿಟುಕಿದರೆ, ಹಿಮ್ಮೆಟ್ಟುವ ಹೊಡೆತಕ್ಕೆ ಸೆಲ್ ಕ್ಷಣಕಾಲ ಸ್ಪ್ರಿಂಗ್ ಬಿಡುತ್ತಿದೆ ಎಂದರ್ಥ. ಸ್ಪ್ರಿಂಗನ್ನು ಎಳೆದು ಉದ್ದ ಮಾಡುವ ಉಪಾಯ ಹೆಚ್ಚು ದಿನ ನಡೆಯದು, ಬದಲಿಸಿ. ಸುಮ್ಮನಿದ್ದಾಗಲೂ ಮಿಟುಕಿದರೆ ಕೊಳೆ. ಸೆಲ್‌ನ ಎರಡೂ ತುದಿ, ಸ್ಪ್ರಿಂಗ್, ಮುಚ್ಚಳದ ಒಳಭಾಗ ಇವನ್ನು ಆಲ್ಕೊಹಾಲಿನಲ್ಲಿ ಒರೆಸಿ. ಅನೇಕ ಟಾರ್ಚುಗಳಲ್ಲಿ ವಿದ್ಯುತ್ ಹರಿಯುವುದು ಕೊಳವೆಯ ಅಂಚಿನ ಬಣ್ಣವಿಲ್ಲದ ಲೋಹದ ಮೂಲಕ. ಅಲ್ಲಿ ಗ್ರೀಸ್ ಬಿದ್ದರೆ ಇದೇ ಕಾಯಿಲೆ. ಗ್ರೀಸ್ ಬೇಕಿರುವುದು ಮುಚ್ಚಳ ತಿರುಗಿಸುವ ಥ್ರೆಡ್ಡಿಗೆ ಮತ್ತು ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗಿಗೆ, ಅದೂ ತೆಳ್ಳಗೆ. ಓ-ರಿಂಗೇ ಸಿಲಿಕೋನಿನದಾದರೆ ಸಿಲಿಕೋನ್ ಗ್ರೀಸ್ ಅದನ್ನು ಉಬ್ಬಿಸುತ್ತದೆ, ಕೈಪಿಡಿ ನೋಡಿಕೊಳ್ಳಿ.

ಸಿಆರ್123ಎ ಎಂಬ, ರೀಚಾರ್ಜ್ ಮಾಡಲಾಗದ ಲಿಥಿಯಂ ಸೆಲ್ ಎರಡಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸದರ ಜೊತೆ ಹಳೆಯದು ಸೇರಿದರೆ ಹಳೆಯದು ಪೂರ್ತಿ ಬರಿದಾಗಿ, ಹೊಸದರ ಒತ್ತಡಕ್ಕೆ ಉಲ್ಟಾ ಚಾರ್ಜ್ ಆಗಿ ಕಾದು ಸಿಡಿಯಬಹುದು. ಒಂದೊಂದು 3 ವೋಲ್ಟ್, ಒಟ್ಟು 6. ಅದೇ ಅಳತೆಯ ರೀಚಾರ್ಜ್ ಸೆಲ್ ತುಂಬಿದಾಗ 4.2, ಎರಡಕ್ಕೆ 8.4. ತಯಾರಕರು ಒಪ್ಪದಿದ್ದರೆ ಹಾಕಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ಹೊರಗೆ.

ಸ್ಥಿರವಾಗಿ ಕೂರಿಸುವ ಸ್ಕ್ರೂಗಳ ಎಣ್ಣೆ ತೆಗೆದು, ಕೈಪಿಡಿ ಒಪ್ಪಿದರೆ ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು, ಅಂದರೆ ನೀಲಿ ಥ್ರೆಡ್‌ಲಾಕರ್, ಒಂದು ಹನಿ ಹಾಕಿ. ಕೆಂಪು ಬೇಡ, ಬಿಚ್ಚಲು ಬಿಸಿ ಮಾಡಬೇಕು, ಆ ಬಿಸಿ ಟಾರ್ಚಿಗೆ ಆಗಿಬರುವುದಿಲ್ಲ. ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಯಿಂದ ಟಾರ್ಚಿನ ಮೈವರೆಗೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದಿಡಿ. ಗೆರೆ ಮುರಿದು ಕಂಡರೆ ಸ್ಕ್ರೂ ತಿರುಗಿದೆ, ಬಿಚ್ಚಿ ಮತ್ತೆ ಕೂರಿಸಿ.