ಕ್ರೀಡಾಕೂಟದ ಹೊತ್ತಿಗೇ ಮುಟ್ಟು ಬಂದರೆ? ಮಾತ್ರೆಗೆ ಮೊದಲು ಡೈರಿ

ಮಂಗಳಾ ಕ್ರೀಡಾಂಗಣದಲ್ಲೋ ಅಜ್ಜರಕಾಡಿನಲ್ಲೋ ಕ್ರೀಡಾಕೂಟ ಹತ್ತಿರ ಬಂತು ಅನ್ನುವಾಗ ಕೆಲವು ಹುಡುಗಿಯರು ಮೆಡಿಕಲ್‌ಗೆ ಹೋಗಿ ‘ಡೇಟ್ ಮುಂದೆ ಹಾಕುವ ಮಾತ್ರೆ’ ಕೇಳುತ್ತಾರೆ. ಅಮ್ಮಂದಿರೇ ತಂದುಕೊಡುವುದೂ ಉಂಟು. ಪೂಜೆಗೆ, ನೇಮಕ್ಕೆ ತೆಗೆದುಕೊಂಡು ಗೊತ್ತಿರುವ ಮಾತ್ರೆ ಅಲ್ವಾ, ಓಟಕ್ಕೂ ಆಗುತ್ತದೆ ಎಂಬ ಲೆಕ್ಕ. ದಯವಿಟ್ಟು ಹಾಗೆ ಮಾಡಬೇಡಿ.

ಮುಟ್ಟಿನ ದಿನ ಓಡಲು ಆಗುವುದೇ ಇಲ್ಲ ಎಂಬುದು ನಿಜವಲ್ಲ. 2002ರ ಶಿಕಾಗೊ ಮ್ಯಾರಥಾನ್‌ನಲ್ಲಿ ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2 ಗಂಟೆ 17 ನಿಮಿಷ 18 ಸೆಕೆಂಡಿನಲ್ಲಿ ವಿಶ್ವದಾಖಲೆ ಬರೆದದ್ದು ಮುಟ್ಟಿನ ಹೊಟ್ಟೆನೋವಿನ ನಡುವೆಯೇ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೂ ಮುಟ್ಟಿನ ಮೊದಲ ದಿನಗಳಲ್ಲಿ ಸಾಮರ್ಥ್ಯದಲ್ಲಿ ಕಂಡ ಇಳಿಕೆ ತೀರಾ ಸಣ್ಣದು. ಆದರೆ ಅದು ಸರಾಸರಿ. ನಿಮ್ಮ ಮೈ ಹೇಗೆ ಎಂದು ತಿಳಿಯಬೇಕಾದರೆ ಬರೆದೇ ನೋಡಬೇಕು.

ಹಾಗಾಗಿ ಮೊದಲ ಕೆಲಸ ಡೈರಿ. ರಕ್ತ ಕಂಡ ದಿನವನ್ನು 1 ಎಂದು ಬರೆಯಿರಿ. ಅಲ್ಲಿಂದ ದಿನವೂ ನಿದ್ದೆ, ನೋವು, ಅಭ್ಯಾಸದ ಟೈಮಿಂಗ್, ಎಷ್ಟು ಸುಸ್ತು, ಇಷ್ಟು ಸಾಕು. ಕಡಿಮೆ ಎಂದರೂ ಮೂರು ತಿಂಗಳು ಬರೆಯಿರಿ. ಮುಟ್ಟು ಮುಗಿದ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಏರುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಜೋರಾಗಿ, ಮೈಯ ಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾಗುತ್ತದೆ. ನಮ್ಮ ಕರಾವಳಿಯ ಮಾರ್ಚ್ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಆ ದಿನಗಳಲ್ಲಿ ದೂರದ ಓಟವನ್ನು ಬೆಳಗ್ಗೆ ಬೇಗ ಮುಗಿಸಿ, ನೀರು ಜಾಸ್ತಿ ಕುಡಿಯಿರಿ.

ರಕ್ತಸ್ರಾವ ಜಾಸ್ತಿ ಇದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟು ಎಂದು ತಿಳಿಸುವ) ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಹಾರ್ಮೋನಿಗೆ ಬೈಯುವ ಸುಸ್ತು ಕಬ್ಬಿಣದ ಕೊರತೆಯದ್ದಾಗಿರುತ್ತದೆ. ಮರುವಾಯಿ, ಹುರುಳಿ, ಹರಿವೆ ಊಟದಲ್ಲಿರಲಿ.

ಇನ್ನು ಮುಟ್ಟಿನ ನೋವಿಗೆಂದು ಕೆಲವರು ತೆಗೆದುಕೊಳ್ಳುವ ಗರ್ಭನಿರೋಧಕ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ: 21 ಹಾರ್ಮೋನಿನದ್ದು, 7 ಕಬ್ಬಿಣದ್ದು. ಅದು ಮೈಯದೇ ಹಾರ್ಮೋನಿನ ಏರಿಳಿತವನ್ನು ತಗ್ಗಿಸುತ್ತದೆ. ಇದರಿಂದ ಓಟದ ವೇಗ ಹೆಚ್ಚುವುದಿಲ್ಲ. 2020ರಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದರಲ್ಲಿ, ಮಾತ್ರೆ ತೆಗೆದುಕೊಳ್ಳುವವರ ಸಾಮರ್ಥ್ಯ ಸರಾಸರಿಯಲ್ಲಿ ಒಂದಿಷ್ಟೇ ಇಷ್ಟು ಕಡಿಮೆ ಕಂಡಿತ್ತು. ಹಾಗಂತ ಬೇಡವೇ ಬೇಡ ಅನ್ನುವಂತಿಲ್ಲ. ತಿಂಗಳಿಗೆರಡು ದಿನ ನೋವಿನಿಂದ ಏಳಲಾಗದ ಹುಡುಗಿಗೆ ಮಾತ್ರೆಯಿಂದ ಆ ಎರಡು ದಿನದ ಅಭ್ಯಾಸ ಸಿಕ್ಕಿದರೆ ಅದೇ ದೊಡ್ಡ ಲಾಭ.

ಮಾತ್ರೆ ಬೇಕೆಂದಾದರೆ ಸ್ತ್ರೀರೋಗ ತಜ್ಞರ ಬಳಿ ಹೋಗಿ, ಡೈರಿಯನ್ನೂ ಒಯ್ಯಿರಿ. ಮನೆಯಲ್ಲಿ ಯಾರಿಗಾದರೂ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದ್ದು, ನಿಮಗೆ ಕಣ್ಣೆದುರು ಮಿಂಚು ಕಂಡು ಬರುವ ಮೈಗ್ರೇನ್ ಇದ್ದದ್ದು, ಎಲ್ಲ ಹೇಳಿ. ಡೇಟ್ ಮುಂದೆ ಹಾಕುವ ನಾರ್‌ಎಥಿಸ್ಟರಾನ್ ಬೇರೆಯೇ ಮಾತ್ರೆ. ಮುಟ್ಟಿಗೆ ಸುಮಾರು ಮೂರು ದಿನ ಮೊದಲೇ ಶುರು ಮಾಡಬೇಕು. ಹೊಟ್ಟೆ ಉಬ್ಬರ, ತಲೆನೋವು ಬರಬಹುದು. ಯಾವ ಮಾತ್ರೆಯೇ ಆಗಲಿ, ದೊಡ್ಡ ಕೂಟದ ವಾರದಲ್ಲಿ ಮೊದಲ ಸಲ ಬೇಡ. ಕೂಟವಿಲ್ಲದ ತಿಂಗಳಲ್ಲಿ ತೆಗೆದುಕೊಂಡು ನೋಡಿ. ಕೂಟದ ಹಿಂದಿನ ದಿನ ನುಂಗುವ ತುರ್ತು ಗರ್ಭನಿರೋಧಕ ಮಾತ್ರೆ ಮುಟ್ಟನ್ನು ಮುಂದೂಡಲು ಇರುವುದಲ್ಲ. ಅದು ಲೆಕ್ಕವನ್ನೇ ಕೆಡಿಸುತ್ತದೆ.

ಪಿಟಿ ಮಾಸ್ಟ್ರುಗಳಿಗೂ ಅಮ್ಮಂದಿರಿಗೂ ಒಂದು ಮಾತು. ಅಭ್ಯಾಸ ಜೋರಾಗಿ ಊಟ ಸಾಲದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಮೂರು ತಿಂಗಳು ಮುಟ್ಟಾಗದಿದ್ದರೆ ‘ಅಥ್ಲೀಟ್ ಅಲ್ವಾ, ಹಾಗೇ’ ಎಂದು ಬಿಡಬೇಡಿ, ವೈದ್ಯರಿಗೆ ತೋರಿಸಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹುಡುಗಿಯಲ್ಲಿ ಈ ಎಚ್ಚರಿಕೆ ಕಾಣುವುದೇ ಇಲ್ಲ. ಕಬ್ಬಿಣದ ಮಾತ್ರೆಯ ಆ ಏಳು ದಿನದಲ್ಲಿ ಕಾಣುವ ರಕ್ತ ಹಾರ್ಮೋನ್ ನಿಲ್ಲಿಸಿದ್ದಕ್ಕೆ ಬರುವುದು, ನಿಜವಾದ ಮುಟ್ಟು ಅಲ್ಲ. ಆಗ ತೂಕ, ಊಟ, ಪದೇ ಪದೇ ಆಗುವ ಮೂಳೆ ಬಿರುಕು, ಇವನ್ನೇ ನೋಡುತ್ತಿರಬೇಕು.