ಹಿಂಗಾಲು ಸೋತ ನಾಯಿಗೆ ಪಿವಿಸಿ ಪೈಪಿನ ಗಾಡಿ, ಗಾಡಿಗೊಂದು ಮಿನುಗುವ ದೀಪ

ಬೆನ್ನುಮೂಳೆಗೆ ಪೆಟ್ಟು ಬಿದ್ದೋ, ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಬಂದು ಹೋದ ಮೇಲೋ, ವಯಸ್ಸಾಗಿಯೋ ಹಿಂಗಾಲುಗಳ ಬಲ ಕಳೆದುಕೊಂಡ ನಾಯಿಯು ಮುಂಗಾಲುಗಳಿಂದಲೇ ಮೈಯನ್ನು ಎಳೆದುಕೊಂಡು ಓಡಾಡತೊಡಗುತ್ತದೆ. ಹೀಗೆ ಎಳೆದಾಡುವಾಗ ಹಿಂಪಾದಗಳ ಮೇಲ್ಭಾಗದ ಚರ್ಮ ನೆಲಕ್ಕೆ ಉಜ್ಜಿ ಬೇಗನೆ ಹುಣ್ಣಾಗುತ್ತದೆ. ಇಂಥ ನಾಯಿಗೆ ನಲ್ಲಿ ಕೆಲಸದ ಪೈಪು ಮತ್ತು ಗುಜರಿ ಅಂಗಡಿಯ ಚಕ್ರಗಳಿಂದ ಗಾಡಿಯೊಂದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಇಲ್ಲಿ ವಿವರಿಸುತ್ತಿರುವುದು 12 ಕೆ.ಜಿ. ತೂಗುವ ನಮ್ಮ ಕರಿಯನಿಗಾಗಿ ನಾನು ಮಾಡಿದ ಎರಡನೆಯ ಗಾಡಿ. ಮೊದಲನೆಯದು ಅಳತೆ ತಪ್ಪಿ ಮೂಲೆ ಸೇರಿತು.

ಕೆಲಸಕ್ಕೆ ಕೈಹಾಕುವ ಮೊದಲು ಪಶುವೈದ್ಯರನ್ನು ಕಾಣಲೇಬೇಕು. ಮೂಳೆ ಮುರಿತ ಇನ್ನೂ ಕೂಡದಿದ್ದರೆ ಅಥವಾ ಬೆನ್ನುಹುರಿಗೆ ವಿಶ್ರಾಂತಿ ಬೇಕಾಗಿದ್ದರೆ ಗಾಡಿಯಿಂದ ಹಾನಿಯೇ ಹೆಚ್ಚು. ಮುಂಗಾಲು ಮತ್ತು ಭುಜಗಳು ಗಟ್ಟಿಯಾಗಿರುವ ನಾಯಿಗೆ ಮಾತ್ರ ಎರಡು ಚಕ್ರದ ಈ ಗಾಡಿ ಹೊಂದುತ್ತದೆ.

ಅಳತೆಯೇ ಈ ಕೆಲಸದ ಮುಕ್ಕಾಲು ಪಾಲು. ಒಬ್ಬರು ನಾಯಿಯ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಂಭಾಗವನ್ನು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಟೇಪು ಹಿಡಿಯಬೇಕು. ಎತ್ತುವಾಗ ಬೆನ್ನು ನೆಲಕ್ಕೆ ಸಮನಾಗಿರಬೇಕು, ಹಿಂಗಾಲುಗಳು ಆರೋಗ್ಯವಂತ ನಾಯಿಯ ಕಾಲಿನಂತೆ ಸ್ವಲ್ಪ ಮಡಿಸಿದ ಭಂಗಿಯಲ್ಲಿರಬೇಕು. ನಾನು ಮೊದಲ ಸಲ ಕಾಲುಗಳು ನೇರವಾಗಿ ಜೋತುಬೀಳುವಷ್ಟು ಮೇಲಕ್ಕೆತ್ತಿ ಅಳೆದಿದ್ದರಿಂದ ಗಾಡಿ ನಾಲ್ಕು ಬೆರಳಷ್ಟು ಎತ್ತರವಾಗಿ, ಕರಿಯನ ಸೊಂಟ ಮೇಲೆದ್ದು ತಲೆ ನೆಲ ಮುಟ್ಟುವಂತಾಗಿತ್ತು. ಬೇಕಾದ ಅಳತೆಗಳು ನಾಲ್ಕು: ನೆಲದಿಂದ ತೊಡೆಸಂದಿನವರೆಗಿನ ಎತ್ತರ, ಸೊಂಟದ ಅತಿ ಅಗಲವಾದ ಜಾಗದ ಅಗಲ, ಭುಜದಿಂದ ಬಾಲದ ಬುಡದವರೆಗಿನ ಉದ್ದ ಮತ್ತು ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ. ಕರಿಯನ ತೊಡೆಸಂದಿನ ಎತ್ತರ 27 ಸೆಂ.ಮೀ., ಸೊಂಟದ ಅಗಲ 17 ಸೆಂ.ಮೀ. ಇತ್ತು. ಅಗಲಕ್ಕೆ ಎರಡೂ ಬದಿಯಲ್ಲಿ ಎರಡೆರಡು ಸೆಂ.ಮೀ. ಸೇರಿಸಿಕೊಳ್ಳಬೇಕು, ಇಲ್ಲವಾದರೆ ಪೈಪು ಮೈಗೆ ಉಜ್ಜುತ್ತದೆ.

ಇಷ್ಟು ತೂಕದ ನಾಯಿಗೆ ಮುಕ್ಕಾಲು ಇಂಚಿನ ನೀರಿನ ಪೈಪು ಸಾಕು. ವೈರಿಂಗ್‌ಗೆ ಬಳಸುವ ತೆಳು ಪೈಪು ಅಗ್ಗವೆಂದು ತರಬಾರದು, ಅದು ಭಾರಕ್ಕೆ ಬಾಗುತ್ತದೆ. ಮೈಯ ಎರಡೂ ಬದಿಗೆ ಭುಜದಿಂದ ಬಾಲದಾಚೆಯವರೆಗೆ ಒಂದೊಂದು ಉದ್ದ ಪೈಪು ಬರುತ್ತದೆ, ಹಿಂದುಗಡೆ ಎರಡು ಎಲ್ಬೋ (ಮೂಲೆ ತಿರುವಿನ ಜೋಡಣೆ) ಮತ್ತು ಒಂದು ಅಡ್ಡ ಪೈಪು ಅವನ್ನು ಕೂಡಿಸುತ್ತವೆ, ಮುಂದಿನ ತುದಿಗಳಿಗೆ ಎಂಡ್ ಕ್ಯಾಪ್. ಸೊಂಟದ ನೇರಕ್ಕೆ ಪ್ರತಿ ಬದಿಯಲ್ಲೂ ಎರಡು ಟಿ ಜೋಡಣೆಗಳು ಅಕ್ಕಪಕ್ಕದಲ್ಲಿ ಕೂರುತ್ತವೆ. ಒಂದರ ಬಾಯಿ ಕೆಳಕ್ಕಿದ್ದು ಅದರಿಂದ ಚಕ್ರದ ಕಾಲು ಇಳಿಯುತ್ತದೆ. ಇನ್ನೊಂದರ ಬಾಯಿ ಮೇಲಕ್ಕಿದ್ದು ಅದರಿಂದ ಎದ್ದ ಪೈಪು ಬೆನ್ನಿನ ಮೇಲೆ ಕಮಾನಿನಂತೆ ದಾಟಿ ಆಚೆ ಬದಿಯನ್ನು ಸೇರುತ್ತದೆ. ಈ ಕಮಾನು ಅನಗತ್ಯವೆಂದು ತೋರಬಹುದು, ಆದರೆ ಅದಿಲ್ಲದಿದ್ದರೆ ಭಾರ ಬಿದ್ದೊಡನೆ ಎರಡೂ ಚಕ್ರಗಳು ಹೊರಕ್ಕೆ ವಾಲುತ್ತವೆ. ನಾಲ್ಕು ಬಾಯಿಯ ಕ್ರಾಸ್ ಸಿಕ್ಕರೆ ಎರಡು ಟಿಗಳ ಬದಲು ಅದೊಂದೇ ಸಾಕು, ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗಲಿಲ್ಲ.

ಚಕ್ರದ ಕಾಲಿನ ಉದ್ದದ ಲೆಕ್ಕ ಹೀಗಿದೆ. ಕೂರುವ ಪಟ್ಟಿ ಭಾರಕ್ಕೆ ಎರಡು ಮೂರು ಸೆಂ.ಮೀ. ಜೋತುಬೀಳುವುದರಿಂದ, ತೊಡೆಸಂದಿನ 27ಕ್ಕೆ ಮೂರು ಸೇರಿಸಿ ಬದಿಯ ಪೈಪನ್ನು ನೆಲದಿಂದ 30 ಸೆಂ.ಮೀ. ಎತ್ತರದಲ್ಲಿಡಬೇಕು. ಚಕ್ರದ ವ್ಯಾಸ 20 ಸೆಂ.ಮೀ. ಆದರೆ ಅದರ ಅಚ್ಚು ನೆಲದಿಂದ 10 ಸೆಂ.ಮೀ. ಮೇಲಿರುತ್ತದೆ. ಆದ್ದರಿಂದ ಬದಿಯ ಪೈಪಿನ ನಡುವಿನಿಂದ ಅಚ್ಚಿನ ತೂತಿನವರೆಗೆ 20 ಸೆಂ.ಮೀ. ಇರಬೇಕು. ಮಕ್ಕಳ ಹಳೆಯ ಮೂರು ಚಕ್ರದ ಸೈಕಲ್ಲಿನ ಚಕ್ರಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಸೂಟ್‌ಕೇಸಿನ ಸಣ್ಣ ಚಕ್ರಗಳು ಮನೆಯೊಳಗಿನ ಟೈಲ್ಸ್ ಮೇಲೆ ಚೆನ್ನಾಗಿ ಓಡಿದರೂ ಅಂಗಳದ ಜಲ್ಲಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಎರಡು ಚಕ್ರಗಳಿಗೂ ಸೇರಿ ಒಂದೇ ಉದ್ದ ಸರಳನ್ನು ಹಾಕಿದರೆ ಅದು ಹಿಂಗಾಲುಗಳಿಗೆ ಅಡ್ಡಬರುತ್ತದೆ. ಆದಕಾರಣ ಒಂದೊಂದಕ್ಕೂ 10 ಮಿ.ಮೀ. ದಪ್ಪದ ಪ್ರತ್ಯೇಕ ಬೋಲ್ಟ್, ಎರಡೂ ಕಡೆ ವಾಷರ್, ತುದಿಗೆ ತಾನಾಗಿ ಸಡಿಲವಾಗದ ನೈಲಾಕ್ ನಟ್ ಇರಬೇಕು. ಟೊಳ್ಳು ಪೈಪಿಗೆ ತೂತು ಕೊರೆದು ಬೋಲ್ಟ್ ಬಿಗಿದರೆ ಪೈಪು ಅಪ್ಪಚ್ಚಿಯಾಗುತ್ತದೆ. ಅದಕ್ಕೆ ಮೊದಲು ಪೈಪಿನೊಳಗೆ ಬಿಗಿಯಾಗಿ ಕೂರುವ ಮರದ ತುಂಡೊಂದನ್ನು ಬಡಿದು ಕೂರಿಸಿ, ಎರಡನ್ನೂ ಸೇರಿಸಿ ಕೊರೆಯಬೇಕು. ನನ್ನ ಗಾಡಿಯಲ್ಲಿರುವುದು ಮುರಿದ ಪೊರಕೆಯ ಹಿಡಿಯ ತುಂಡು.

ಕೂರುವ ಪಟ್ಟಿಗೆ ಹಳೆಯ ಶಾಲಾ ಚೀಲದ ನೈಲಾನ್ ಬೆಲ್ಟು ಸಾಕು. ಎರಡು ತೊಡೆಗಳಿಗೆ ಎರಡು ಕುಣಿಕೆಗಳಾಗುವಂತೆ ಹೊಲಿದು, ಏಸಿಯ ತಾಮ್ರದ ಕೊಳವೆಗೆ ಸುತ್ತುವ ಕಪ್ಪು ಫೋಮ್ ನಳಿಕೆಯನ್ನು ಅದಕ್ಕೆ ತೊಡಿಸಿ, ಮೇಲೆ ಹತ್ತಿ ಬಟ್ಟೆ ಸುತ್ತಬೇಕು. ಕುಣಿಕೆಗಳ ನಡುವೆ ಜಾಗ ಬಿಟ್ಟರೆ ಮಲಮೂತ್ರಕ್ಕೆ ತೊಂದರೆಯಿಲ್ಲ. ಮುಂದುಗಡೆ ಎದೆಯ ಸುತ್ತ ಒಂದು, ಭುಜದ ಮೇಲೆ ಒಂದು ಬೆಲ್ಟು ಬಕಲ್‌ನೊಂದಿಗೆ ಬರುತ್ತದೆ. ಅವುಗಳ ಒಳಗೆ ಎರಡು ಬೆರಳು ಸಲೀಸಾಗಿ ತೂರಬೇಕು.

ಇಷ್ಟೂ ಆಗುವವರೆಗೆ ಒಂದು ಜೋಡಣೆಗೂ ಸಾಲ್ವೆಂಟ್ (ಪಿವಿಸಿ ಅಂಟು) ಹಚ್ಚಬಾರದು. ಪೈಪುಗಳನ್ನು ಒಣಗಿದ್ದಂತೆಯೇ ಸಿಕ್ಕಿಸಿ, ಟೇಪು ಸುತ್ತಿ, ನಾಯಿಯನ್ನು ಒಳಗೆ ನಿಲ್ಲಿಸಿ ಸಮತೋಲ ನೋಡಬೇಕು. ನಾಯಿಯ ತೂಕದ ನೂರರಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೂ 40 ಪಾಲು ಹಿಂಗಾಲುಗಳ ಮೇಲೂ ಇರುವುದು ಸಹಜ, ಆದ್ದರಿಂದ ಕರಿಯನ ಚಕ್ರಗಳು ಹೊರಬೇಕಾದದ್ದು ಐದು ಕೆ.ಜಿ.ಯಷ್ಟು. ಚಕ್ರಗಳು ತೀರಾ ಹಿಂದೆ ಸರಿದರೆ ಪೈಪುಗಳ ಮುಂತುದಿ ಭುಜಗಳನ್ನು ಕೆಳಕ್ಕೆ ಅದುಮುತ್ತದೆ, ತೀರಾ ಮುಂದೆ ಬಂದರೆ ಮುಂತುದಿ ಮೇಲೇಳುತ್ತದೆ. ಭುಜದ ಬೆಲ್ಟನ್ನು ಬಿಚ್ಚಿ ಪೈಪಿನ ತುದಿಯನ್ನು ಒಂದೇ ಬೆರಳಿನ ಮೇಲೆ ಇಟ್ಟುಕೊಂಡು ನೋಡಿದಾಗ ಬೆರಳಿಗೆ ಹಗುರಾದ ಭಾರ ಮಾತ್ರ ತಾಗಬೇಕು. ಹಾಗಾಗದಿದ್ದರೆ ಟಿಯನ್ನು ಒಂದೊಂದು ಸೆಂ.ಮೀ. ಸರಿಸಿ ಮತ್ತೆ ನೋಡಬೇಕು. ನನಗೆ ಇದಕ್ಕೇ ಒಂದು ಭಾನುವಾರ ಹಿಡಿಯಿತು. ಸರಿಯಾದ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು, ಆಮೇಲೆ ಒಂದೊಂದೇ ಜೋಡಣೆಯನ್ನು ಬಿಚ್ಚಿ ಸಾಲ್ವೆಂಟ್ ಹಚ್ಚಿ ಕೂರಿಸಬೇಕು. ಅದು ಹಿಡಿದ ಮೇಲೆ ಮತ್ತೆ ಬಿಚ್ಚಲಾಗದು.

ಮೊದಲ ದಿನ ಕರಿಯ ಗಾಡಿಯೊಳಗೆ ಕಲ್ಲಿನಂತೆ ನಿಂತ. ಚಪಾತಿಯ ಚೂರನ್ನು ಮೂಗಿನ ಮುಂದೆ ಹಿಡಿದಾಗ ಕತ್ತು ಚಾಚಿದ, ಎರಡು ಹೆಜ್ಜೆ ಇಟ್ಟ, ಬೆನ್ನ ಹಿಂದೆ ಚಕ್ರದ ಸದ್ದು ಕೇಳಿ ಮತ್ತೆ ನಿಂತ. ಐದು ನಿಮಿಷಕ್ಕಿಂತ ಹೆಚ್ಚು ಬಲವಂತ ಮಾಡಬಾರದು, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಗಾಡಿಯಲ್ಲಿರುವ ನಾಯಿ ಮಲಗಲಾರದು, ಮಗುಚಿದರೆ ಏಳಲಾರದು, ಆದ್ದರಿಂದ ಒಂಟಿಯಾಗಿ ಬಿಡಕೂಡದು. ಪ್ರತಿ ಸಲ ಬಿಚ್ಚಿದ ಮೇಲೆ ತೊಡೆಸಂದು ಮತ್ತು ಕಂಕುಳಲ್ಲಿ ಕೆಂಪಾಗಿದೆಯೇ ಎಂದು ನೋಡಬೇಕು. ಪಾದಗಳು ಇನ್ನೂ ನೆಲಕ್ಕೆ ತಾಗುತ್ತಿದ್ದರೆ ಹಿಂದಿನ ಅಡ್ಡ ಪೈಪಿನಿಂದ ಮೆತ್ತನೆಯ ಕುಣಿಕೆಗಳನ್ನು ಇಳಿಬಿಟ್ಟು ಅವುಗಳಲ್ಲಿ ಇರಿಸಬೇಕು.

ಸಂಜೆಯ ಓಡಾಟಕ್ಕೆ ಗಾಡಿಗೊಂದು ದೀಪ ಬೇಕಾಯಿತು. ಸೈಕಲ್ಲಿನ ಹಿಂದೀಪ ತಂದು ಕಟ್ಟಿದ್ದರೂ ನಡೆಯುತ್ತಿತ್ತು, ಆದರೆ ಮಗನಿಗೆ ಸರ್ಕ್ಯೂಟ್ ಬೋರ್ಡ್ ಮಾಡುವ ಹುಚ್ಚು. 1971ರಲ್ಲಿ ಹಾನ್ಸ್ ಕಾಮೆನ್ಸಿಂಡ್ ಅವರು ಸಿಗ್ನೆಟಿಕ್ಸ್ ಕಂಪನಿಗಾಗಿ ವಿನ್ಯಾಸಗೊಳಿಸಿದ 555 ಎಂಬ ಎಂಟು ಕಾಲಿನ ಟೈಮರ್ ಚಿಪ್ (ಐಸಿ) ಇಂದಿಗೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಅದರ 4 ಮತ್ತು 8ನೆಯ ಕಾಲುಗಳನ್ನು 9 ವೋಲ್ಟ್ ಬ್ಯಾಟರಿಯ ಧನಕ್ಕೂ, 1ನೆಯದನ್ನು ಋಣಕ್ಕೂ ಕೊಡಬೇಕು. ಧನದಿಂದ 7ಕ್ಕೆ 10 ಕಿಲೋಓಮ್, 7ರಿಂದ 6ಕ್ಕೆ 33 ಕಿಲೋಓಮ್ ರೆಸಿಸ್ಟರ್, 6 ಮತ್ತು 2ನ್ನು ಕೂಡಿಸಿ ಅಲ್ಲಿಂದ ಋಣಕ್ಕೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್. 3ನೆಯ ಕಾಲಿನಿಂದ 470 ಓಮ್ ಮೂಲಕ ಕೆಂಪು ಎಲ್‌ಇಡಿ, ಅಲ್ಲಿಂದ ಋಣಕ್ಕೆ. ಈ ಅಳತೆಯ ಬಿಡಿಭಾಗಗಳಿಂದ ದೀಪ ಸೆಕೆಂಡಿಗೆ ಸುಮಾರು ಎರಡು ಸಲ ಮಿನುಗುತ್ತದೆ.

ಇವನ್ನೆಲ್ಲ ಕೂಡಿಸುವ ಗೆರೆಗಳ ಚಿತ್ರವನ್ನು, ತಾಮ್ರದ ಪದರವಿರುವ ಬೋರ್ಡಿಗೆ ಇಸ್ತ್ರಿಯ ಬಿಸಿಯಿಂದ ಇಳಿಸಲು, ಲೇಸರ್ ಪ್ರಿಂಟರ್‌ನಲ್ಲಿ ನಯವಾದ ಪತ್ರಿಕೆಯ ಹಾಳೆಯ ಮೇಲೆ ಮುದ್ರಿಸಬೇಕು, ಇಂಕ್‌ಜೆಟ್‌ನ ಶಾಯಿ ತಾಮ್ರಕ್ಕೆ ಹತ್ತುವುದಿಲ್ಲ. ಇಸ್ತ್ರಿ ಹಾಕುವಾಗ ಚಿತ್ರ ಎಡಬಲ ತಿರುಗುತ್ತದೆ ಎಂಬುದನ್ನು ಮರೆತು ಮಗನ ಮೊದಲ ಬೋರ್ಡ್ ಹಾಳಾಯಿತು, ಐಸಿಯ ಕಾಲುಗಳೆಲ್ಲ ಅದಲುಬದಲಾಗಿದ್ದವು. ತಾಮ್ರದ ಕಡೆಯಿಂದ ನೋಡಿದಂತೆ ಬರೆದ ಚಿತ್ರವನ್ನು ಕನ್ನಡಿ ಬಿಂಬವಾಗಿ ಮುದ್ರಿಸಬೇಕು, ಬಿಡಿಭಾಗಗಳ ಕಡೆಯಿಂದ ನೋಡಿದಂತೆ ಬರೆದಿದ್ದರೆ ಇದ್ದ ಹಾಗೆಯೇ ಮುದ್ರಿಸಬೇಕು. ಅಳತೆ ಸರಿಯಿದೆಯೇ ಎಂದು ತಿಳಿಯಲು ಐಸಿಯನ್ನು ಮೊದಲು ಕಾಗದದ ಮೇಲೆಯೇ ಇಟ್ಟು ನೋಡುವುದು ಒಳ್ಳೆಯದು.

ತಾಮ್ರವನ್ನು ಪಾತ್ರೆ ತಿಕ್ಕುವ ನಾರಿನಿಂದ ಹೊಳೆಯುವಂತೆ ಉಜ್ಜಿ, ಹಾಳೆಯನ್ನು ಮಗುಚಿಟ್ಟು, ಹಬೆಯಿಲ್ಲದ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಮೂರರಿಂದ ಐದು ನಿಮಿಷ ಒತ್ತಬೇಕು. ನೀರಿನಲ್ಲಿ ನೆನೆಸಿ ಕಾಗದವನ್ನು ಬೆರಳಿನಿಂದ ಉಜ್ಜಿ ತೆಗೆದರೆ ಕಪ್ಪು ಗೆರೆಗಳು ಉಳಿಯುತ್ತವೆ, ತುಂಡಾದಲ್ಲಿ ಪರ್ಮನೆಂಟ್ ಮಾರ್ಕರ್‌ನಿಂದ ತಿದ್ದಬಹುದು. ಅನಂತರ ಪ್ಲಾಸ್ಟಿಕ್ ಡಬ್ಬದಲ್ಲಿ ನೀರಿಗೆ ಫೆರಿಕ್ ಕ್ಲೋರೈಡ್ ಪುಡಿಯನ್ನು ನಿಧಾನವಾಗಿ ಸೇರಿಸಬೇಕು. ಪುಡಿಯ ಮೇಲೆ ನೀರು ಸುರಿಯಬಾರದು, ದ್ರಾವಣ ಬಿಸಿಯೇರಿ ಸಿಡಿಯಬಹುದು. ಕೈಗವಸು ಮತ್ತು ಕನ್ನಡಕ ಧರಿಸಿ, ಕಿಟಕಿ ತೆರೆದಿಟ್ಟು, ಡಬ್ಬವನ್ನು ತೂಗುತ್ತಿದ್ದರೆ ಮುಚ್ಚಿಲ್ಲದ ತಾಮ್ರವೆಲ್ಲ ಕರಗುತ್ತದೆ. ಈ ದ್ರಾವಣದ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಸ್ಟೀಲ್ ಸಿಂಕನ್ನೂ ತಿನ್ನುತ್ತದೆ. ಕರಗಿದ ತಾಮ್ರ ಮೀನುಗಳಿಗೆ ವಿಷವಾದ್ದರಿಂದ ಬಳಸಿದ್ದನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ಮುಚ್ಚಿಟ್ಟು ಮತ್ತೆ ಬಳಸಬೇಕು. ಕೊನೆಗೆ ಒಂದು ಮಿ.ಮೀ. ಬಿಟ್‌ನಿಂದ ತೂತು ಕೊರೆದು, 25 ವ್ಯಾಟ್ ಸೋಲ್ಡರಿಂಗ್ ಐರನ್‌ನಿಂದ ಬಿಡಿಭಾಗಗಳನ್ನು ಕೂಡಿಸಿದರೆ ಮುಗಿಯಿತು.

ದೀಪದ ಮುಖ ಹಿಂದಕ್ಕಿರುವಂತೆ ಬೋರ್ಡನ್ನು ಹಿಂದಿನ ಅಡ್ಡ ಪೈಪಿಗೆ ಕಟ್ಟಬಹುದು, ಆದರೆ ಬ್ಯಾಟರಿಯನ್ನು ಅಲ್ಲಿಡಬಾರದು. ಚಕ್ರಗಳ ನೇರಕ್ಕಿರುವ ಬೆನ್ನಿನ ಕಮಾನಿಗೆ ಅದನ್ನು ಸುತ್ತಿ, ಎರಡು ತಂತಿಗಳನ್ನು ಪೈಪಿಗೆ ಟೇಪು ಹಾಕುತ್ತ ಹಿಂದಕ್ಕೆ ಒಯ್ಯಬೇಕು. ಭಾನುವಾರವಿಡೀ ಹೊಂದಿಸಿದ ಸಮತೋಲ ಆಗ ಕೆಡುವುದಿಲ್ಲ.